ಮಾತ್ರೆ ತಪ್ಪಿದ ದಿನವನ್ನೂ ಬರೆದಿಡಿ

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮಗನಿಗೆ ಒಂಬತ್ತು ವರ್ಷ, ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂತ ಹೇಳಿ ಒಂದು ವರ್ಷದಿಂದ ಮಿಥೈಲ್‌ಫೆನಿಡೇಟ್ ಮಾತ್ರೆ ಕೊಡುತ್ತಿದ್ದೇವೆ. ಈಗ ಮಂಗಳೂರಿನ ಒಂದು ಆಸ್ಪತ್ರೆಯ ಅಧ್ಯಯನಕ್ಕೆ ಸೇರಿದ್ದೇವೆ. ಒಂದು ಗುಂಪಿನ ತಂದೆತಾಯಿಗೆ ಮಗುವನ್ನು ನಿಭಾಯಿಸುವ ತರಬೇತಿ, ಇನ್ನೊಂದು ಗುಂಪಿಗೆ ಮಾಮೂಲು ಚಿಕಿತ್ಸೆ ಮಾತ್ರ. ನಾವು ಮಾಮೂಲು ಗುಂಪಿನವರು. ಆದರೂ ಪ್ರತಿ ತಿಂಗಳು ಫೋನ್ ಮಾಡಿ ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಬೇರೆ ಯಾರ ಹತ್ತಿರ ಹೋದಿರಿ, ಶಾಲೆಯಲ್ಲಿ ಯಾರು ನೋಡುತ್ತಾರೆ, ಬಸ್ಸಿಗೆ ಎಷ್ಟಾಯಿತು ಅಂತೆಲ್ಲ ಕೇಳುತ್ತಾರೆ. ಖಾಲಿ ಸ್ಟ್ರಿಪ್ ಕೂಡ ತರಬೇಕಂತೆ. ಓಣಂ ರಜೆಯಲ್ಲಿ ನಾವೇ ಮಾತ್ರೆ ನಿಲ್ಲಿಸಿದ್ದೆವು. ಅತ್ತೆ ಸಾರಸ್ವತಾರಿಷ್ಟ ಅನ್ನುವ ಆಯುರ್ವೇದದ ಮದ್ದು ಕೊಡುತ್ತಾರೆ. ಇದನ್ನೆಲ್ಲ ಹೇಳಿದರೆ ಅಧ್ಯಯನದಿಂದ ತೆಗೆದುಹಾಕುತ್ತಾರಾ? ಶಾಲೆಯವರಿಗೆ ಗೊತ್ತಾಗುತ್ತಾ? ಸುಮ್ನೆ ‘ಎಲ್ಲ ಸರಿಯಾಗಿ ಕೊಟ್ಟಿದ್ದೇವೆ’ ಅಂದುಬಿಡುವುದು ಒಳ್ಳೆಯದಲ್ವಾ?

ಉತ್ತರ: ಹಾಗೆ ಅನ್ನಬೇಡಿ. ರಜೆಯಲ್ಲಿ ಮಾತ್ರೆ ನಿಲ್ಲಿಸಿದ್ದನ್ನು ಹೇಳಿ, ಅರಿಷ್ಟದ ವಿಷಯವನ್ನೂ ಹೇಳಿ. ನೀವು ಬರೆದ ಥರದ ಅಧ್ಯಯನದಲ್ಲಿ ಮಾತ್ರೆ ತಪ್ಪಿತು ಅಂತ ಮಗುವನ್ನು ಹೊರಗೆ ಹಾಕುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಮಾತ್ರೆ ಬಿಟ್ಟವರನ್ನು, ತರಬೇತಿಗೆ ಬಾರದವರನ್ನು ಒಬ್ಬೊಬ್ಬರಾಗಿ ತೆಗೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಬಹಳ ಶಿಸ್ತಿನ ಮನೆಗಳು ಮಾತ್ರ. ಅಂಥವರ ಲೆಕ್ಕ ನಮ್ಮ ನಿಮ್ಮಂಥವರ ಮನೆಗೆ ಹೊಂದುವುದಿಲ್ಲ. ಅದಕ್ಕೇ ಶುರುವಿನಲ್ಲಿ ಮಗು ಯಾವ ಗುಂಪಿಗೆ ಬಿತ್ತೋ, ಕೊನೆಯವರೆಗೂ ಅದೇ ಗುಂಪಿನಲ್ಲಿಟ್ಟು ಫಲಿತಾಂಶ ನೋಡುತ್ತಾರೆ.

ನೀವು ಮಾಮೂಲು ಗುಂಪಿನಲ್ಲಿದ್ದೀರಿ, ಅಂದಮೇಲೆ ನಿಮ್ಮನ್ನು ಇಷ್ಟೊಂದು ಯಾಕೆ ಕೇಳಬೇಕು ಅನ್ನುವುದು ಸಹಜ. ನಿಜ ಹೇಳಬೇಕೆಂದರೆ ಈ ಪ್ರಶ್ನೆಗಳು ಹೆಚ್ಚು ಬೇಕಾಗಿರುವುದು ನಿಮ್ಮ ಗುಂಪಿಗೇ. ತರಬೇತಿ ಗುಂಪಿಗೆ ಏನು ಸಿಕ್ಕಿತು ಅಂತ ಅಧ್ಯಯನದವರಿಗೆ ಗೊತ್ತಿದೆ, ಅವರೇ ಕೊಟ್ಟದ್ದು. ನಿಮ್ಮ ಮಗನಿಗೆ ಏನು ಸಿಕ್ಕಿತು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕಾಸರಗೋಡಿನಲ್ಲಿ ‘ಮಾಮೂಲು ಚಿಕಿತ್ಸೆ’ ಅಂದರೆ ಒಂದೊಂದು ಮನೆಯಲ್ಲಿ ಒಂದೊಂದು. ಒಬ್ಬರು ಮೂರು ತಿಂಗಳಿಗೊಮ್ಮೆ ಮಂಗಳೂರಿನ ಕಡೆ ದೇರಳಕಟ್ಟೆಗೋ ಕಂಕನಾಡಿಗೋ ಹೋಗಿ ಮದ್ದು ತರುತ್ತಾರೆ. ಇನ್ನೊಬ್ಬರು ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲಿ ತೋರಿಸುತ್ತಾರೆ. ಮತ್ತೊಬ್ಬರ ಮಗುವಿಗೆ ಬಿಆರ್‌ಸಿಯ (ಶಾಲೆಗಳಿಗೆ ನೆರವಾಗುವ ಬ್ಲಾಕ್ ಸಂಪನ್ಮೂಲ ಕೇಂದ್ರದ) ಟೀಚರ್ ವಾರಕ್ಕೊಮ್ಮೆ ಶಾಲೆಗೇ ಬಂದು ಹೇಳಿಕೊಡುತ್ತಾರೆ. ಯಾವುದೂ ಇಲ್ಲದ ಮಕ್ಕಳೂ ಇದ್ದಾರೆ. ಇವರನ್ನೆಲ್ಲ ಒಂದೇ ಹೆಸರಿನ ಕೆಳಗೆ ಬರೆದುಬಿಟ್ಟರೆ ಹೋಲಿಕೆಗೆ ಅರ್ಥವಿಲ್ಲ.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಎಡಿಎಚ್‌ಡಿ ಬಗ್ಗೆ ಅಮೆರಿಕದಲ್ಲಿ ಎಂಟಿಎ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ನಿಮ್ಮ ಮಗನ ವಯಸ್ಸಿನ ಆಸುಪಾಸಿನ 579 ಮಕ್ಕಳು, 14 ತಿಂಗಳ ಚಿಕಿತ್ಸೆ. ಫಲಿತಾಂಶ ಬಂದದ್ದು 1999ರಲ್ಲಿ. ನಾಲ್ಕು ಗುಂಪು ಮಾಡಿದ್ದರು: ಅಧ್ಯಯನದವರೇ ಮದ್ದು ಕೊಟ್ಟು ನೋಡಿಕೊಂಡ ಗುಂಪು, ವರ್ತನೆಯ ಚಿಕಿತ್ಸೆಯ ಗುಂಪು, ಎರಡೂ ಸೇರಿದ ಗುಂಪು, ಮತ್ತೆ ಊರಿನ ಡಾಕ್ಟರ ಹತ್ತಿರ ಎಂದಿನಂತೆ ಹೋದ ಗುಂಪು. ಅಧ್ಯಯನದವರು ಮದ್ದು ಕೊಟ್ಟ ಮಕ್ಕಳು ಊರಿನ ಡಾಕ್ಟರ ಹತ್ತಿರ ಹೋದ ಮಕ್ಕಳಿಗಿಂತ ಜಾಸ್ತಿ ಸುಧಾರಿಸಿದರು. ಇಷ್ಟೇ ಕೇಳಿದರೆ ‘ಮದ್ದು ತಿಂದವರು ಗೆದ್ದರು, ತಿನ್ನದವರು ಸೋತರು’ ಅನ್ನಿಸುತ್ತದೆ. ಆದರೆ ಮಾಮೂಲು ಗುಂಪಿನ ಮಕ್ಕಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳೂ ಮದ್ದು ತಿನ್ನುತ್ತಿದ್ದರು! ಹಾಗಿದ್ದರೆ ವ್ಯತ್ಯಾಸ ಬಂದದ್ದೆಲ್ಲಿ? ಮಾಮೂಲು ಗುಂಪಿನವರ ಡೋಸ್ ಕಡಿಮೆ ಇತ್ತು. ಇವರಿಗೆ, ಅಂದರೆ ಅಧ್ಯಯನದವರು ಮದ್ದು ಕೊಟ್ಟವರಿಗೆ, ದಿನಕ್ಕೆ ಮೂರು ಹೊತ್ತು, ಅವರಿಗೆ ಹೆಚ್ಚಾಗಿ ಎರಡೇ ಹೊತ್ತು. ಇವರನ್ನು ಡಾಕ್ಟರು ತಿಂಗಳು ತಿಂಗಳು ಅರ್ಧ ಗಂಟೆ ಕೂರಿಸಿ ಮಾತಾಡಿಸುತ್ತಿದ್ದರು, ಅವರನ್ನು ವರ್ಷಕ್ಕೆ ಒಂದೆರಡು ಸಲ. ಮಾಮೂಲು ಗುಂಪಿನವರನ್ನು ಬಿಡದೆ ಕೇಳಿ ಬರೆದುಕೊಂಡಿದ್ದರಿಂದ ಇದು ತಿಳಿಯಿತು. ಇಲ್ಲದಿದ್ದರೆ ಆ ಅಧ್ಯಯನದಿಂದ ತಪ್ಪು ಪಾಠ ಕಲಿಯುತ್ತಿದ್ದೆವು.

ಮಾತ್ರೆಯ ಹೆಸರು ಕೇಳಿದ ಮೇಲೂ ಡೋಸ್, ಹೊತ್ತು, ಬಗೆ ಅಂತ ಕೇಳುವುದು ಇದಕ್ಕೇ. ಮಿಥೈಲ್‌ಫೆನಿಡೇಟ್‌ನ ಸಾದಾ ಮಾತ್ರೆಯ ಕೆಲಸ ಕೊಟ್ಟ ಮೇಲೆ ಸುಮಾರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ನಿಧಾನವಾಗಿ ಬಿಡುವ ಬಗೆ ಎಂಟು ಗಂಟೆಯೋ ಅದಕ್ಕಿಂತ ಜಾಸ್ತಿಯೋ ನಡೆಯುತ್ತದೆ. ಹಾಗಾಗಿ ‘ದಿನಕ್ಕೆ 20 ಮಿಲಿಗ್ರಾಂ’ ಅಂತ ಮಾತ್ರ ಬರೆದರೆ ಮಧ್ಯಾಹ್ನದ ಗಣಿತ ಪೀರಿಯಡ್ಡಿಗೆ ಮಗುವಿನ ಮೈಯಲ್ಲಿ ಮದ್ದು ಇತ್ತೋ ಇಲ್ಲವೋ ಗೊತ್ತಾಗುವುದಿಲ್ಲ. ನಿಧಾನದ ಮಾತ್ರೆಯನ್ನು ಮಗು ನುಂಗುವುದಿಲ್ಲ ಅಂತ ಪುಡಿ ಮಾಡಿ ಜೇನಿನಲ್ಲಿ ಕೊಡುವವರಿದ್ದಾರೆ. ಆಗ ಮದ್ದೆಲ್ಲ ಒಮ್ಮೆಲೇ ಬಿಡುಗಡೆಯಾಗುತ್ತದೆ. ಹಾಗೆ ಕೊಡುತ್ತಿದ್ದರೆ ಅಧ್ಯಯನ ಪಕ್ಕಕ್ಕಿರಲಿ, ಮೊದಲು ನಿಮ್ಮ ಡಾಕ್ಟರಿಗೆ ಹೇಳಿ. ಮಗುವಿನ ತೂಕವನ್ನೂ ಪ್ರತಿ ಸಲ ನೋಡುತ್ತಾರೆ. ಔಷಧ ಬಳಕೆಯನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ದಿನದ ಡೋಸಿನ ಅಳತೆ ದೊಡ್ಡವರ ಲೆಕ್ಕದ್ದು. ಮಕ್ಕಳಿಗೆ ಕಿಲೋಗೆ ಎಷ್ಟು ಅಂತಲೇ ನೋಡಬೇಕು.

ಬ್ರಾಂಡ್ ಹೆಸರಿನಲ್ಲಿ ಇನ್ನೊಂದು ಗೊಂದಲ. ಮಂಗಳೂರಿನ ಮೆಡಿಕಲ್ ಶಾಪಿನಲ್ಲಿ ಒಂದು ಹೆಸರು, ಅದೇ ಮದ್ದಿಗೆ ಕಾಸರಗೋಡಿನಲ್ಲಿ ಇನ್ನೊಂದು ಹೆಸರು. ಮಾತ್ರೆ ಬದಲಾಗಿದೆ ಅಂತ ಮನೆಯವರು ಅಂದುಕೊಳ್ಳುತ್ತಾರೆ, ಕೆಲವೊಮ್ಮೆ ಎರಡನ್ನೂ ಕೊಡುವುದೂ ಉಂಟು. ಖಾಲಿ ಸ್ಟ್ರಿಪ್ ತನ್ನಿ ಅನ್ನುವುದಕ್ಕೆ ಇದೂ ಒಂದು ಕಾರಣ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಮದ್ದಿನ ನಿಜವಾದ ಹೆಸರು ಇರುತ್ತದೆ. ಮಾತ್ರೆ ತೆಗೆಯುವಾಗ ಆ ಕಡೆಯ ತುದಿ ಹರಿಯದ ಹಾಗೆ ನೋಡಿಕೊಳ್ಳಿ.

ಸ್ಟ್ರಿಪ್ ಎಣಿಸುವುದನ್ನು ನಿಮ್ಮ ಮೇಲಿನ ಸಂಶಯ ಅಂತ ತಿಳಿಯಬೇಡಿ. 30 ಮಾತ್ರೆ ಕೊಟ್ಟಿದ್ದಾರೆ, ದಿನಕ್ಕೆ ಒಂದು, 28 ದಿನದ ಮೇಲೆ ಹೋಗುವಾಗ ಎರಡು ಉಳಿದಿರಬೇಕು ಅಂತಿಟ್ಟುಕೊಳ್ಳಿ. ಒಂಬತ್ತು ಉಳಿದಿವೆ. ಅಂದರೆ 21 ದಿನ ಕೊಟ್ಟಿದ್ದೀರಿ, ನೂರಕ್ಕೆ 75. ಲೆಕ್ಕ ಇಷ್ಟನ್ನೇ ಹೇಳುತ್ತದೆ. ಆ ಏಳು ದಿನ ಯಾವುವು ಅಂತ ಸ್ಟ್ರಿಪ್ ಹೇಳುವುದಿಲ್ಲ. ಓಣಂ ರಜೆಯಲ್ಲಿ ಸಾಲಾಗಿ ಏಳು ದಿನ ಬಿಟ್ಟಿರೋ, ನಾಲ್ಕು ದಿನಕ್ಕೊಮ್ಮೆ ಬೆಳಗಿನ ಗಡಿಬಿಡಿಯಲ್ಲಿ ಮರೆತಿರೋ? ಎರಡೂ ಒಂದೇ ಅಲ್ಲ. ರಜೆಯಲ್ಲಿ ಬಿಟ್ಟದ್ದು ನೀವು ಯೋಚಿಸಿ ಮಾಡಿದ್ದು. ಶಾಲೆಯ ದಿನ ಮತ್ತೆ ಮತ್ತೆ ತಪ್ಪುತ್ತಿದ್ದರೆ ಮಗುವಿನ ವರ್ತನೆಗೆ ಟೀಚರು ಪ್ರಶ್ನಾವಳಿಯಲ್ಲಿ ಕೊಡುವ ಅಂಕ ಏರಿಳಿಯುತ್ತಲೇ ಇರುತ್ತದೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಗೋಡೆಯ ಕ್ಯಾಲೆಂಡರಿನಲ್ಲಿ ಕೊಡದ ದಿನಕ್ಕೆ ಒಂದು ಗೀಟು ಎಳೆಯಿರಿ. ಕೊಟ್ಟ ದಿನಕ್ಕೆ ಏನೂ ಬೇಡ. ಇಷ್ಟಾದರೆ ಎಂಥ ಗಡಿಬಿಡಿಯ ಮನೆಯಲ್ಲೂ ನಡೆಯುತ್ತದೆ.

ಬಾಯಿಮಾತು, ಎಣಿಕೆ ಎರಡಕ್ಕೂ ಮಿತಿ ಇದೆ. ಎಂಟಿಎ ಅಧ್ಯಯನದವರು ಮಕ್ಕಳ ಎಂಜಲು ಪರೀಕ್ಷೆ ಮಾಡಿಯೂ ನೋಡಿದ್ದರು. ಅದರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಮಾದರಿ ಹೇಳಿದಂತೆ ಮದ್ದು ತೆಗೆದುಕೊಂಡಿಲ್ಲ ಅಂತ ತೋರಿಸಿತು. ಅವರೆಲ್ಲ ಬೇಕೆಂದೇ ಸುಳ್ಳು ಹೇಳಿದರು ಅಂತ ನನಗನ್ನಿಸುವುದಿಲ್ಲ. ಮಗು ಮಾತ್ರೆಯನ್ನು ನಾಲಿಗೆ ಅಡಿಯಲ್ಲಿಟ್ಟು ಹಿತ್ತಲಲ್ಲಿ ಉಗಿದರೆ ಅಮ್ಮನಿಗೆ ಗೊತ್ತಾಗುವುದಾದರೂ ಹೇಗೆ?

ರಜೆಯಲ್ಲಿ ನಿಲ್ಲಿಸಿದ್ದು ತಪ್ಪಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಿಥೈಲ್‌ಫೆನಿಡೇಟ್‌ಗೆ ರಜೆ ಕೊಡಲು ಕೆಲವು ಸಲ ಡಾಕ್ಟರೇ ಹೇಳುತ್ತಾರೆ, ಹಸಿವು ಮತ್ತು ತೂಕ ನೋಡಿಕೊಂಡು. ಕೇಳಿ ನಿಲ್ಲಿಸಬೇಕು, ಅಷ್ಟೇ. ಆದರೆ ಈ ಮಾತನ್ನು ಎಲ್ಲ ಮದ್ದಿಗೂ ಹಚ್ಚಬೇಡಿ. ಎಡಿಎಚ್‌ಡಿಗೆ ಕೊಡುವ ಇನ್ನೊಂದು ಮದ್ದು ಕ್ಲೋನಿಡಿನ್ ಥಟ್ಟನೆ ನಿಲ್ಲಿಸಿದರೆ ಬಿಪಿ ಏರಬಹುದು. ಫಿಟ್ಸಿನ ಮದ್ದು ನಿಲ್ಲಿಸಿದರೆ ಫಿಟ್ಸ್ ಬರಬಹುದು. ಪಕ್ಕದ ಮನೆಯ ಮಗುವಿಗೆ ಬೇರೆ ಮದ್ದು ಇದ್ದರೆ ನಿಮ್ಮ ಅನುಭವ ಹೇಳಿ ಅವರನ್ನು ನಿಲ್ಲಿಸಿಬಿಡಬೇಡಿ. ಉಳಿದ ಮಾತ್ರೆಯನ್ನೂ ಯಾರಿಗೂ ಕೊಡಬೇಡಿ, ಆಸ್ಪತ್ರೆಗೇ ವಾಪಸು ತನ್ನಿ. ಅದು ಕಾನೂನಿನ ಕಟ್ಟುಪಾಡು ಇರುವ ಮದ್ದು.

ಇನ್ನು ‘ಬೇರೆ ಮದ್ದು ಏನಾದರೂ?’ ಅನ್ನುವ ಪ್ರಶ್ನೆ. ಇದಕ್ಕೆ ಹತ್ತರಲ್ಲಿ ಒಂಬತ್ತು ಜನ ‘ಇಲ್ಲ’ ಅಂದುಬಿಡುತ್ತಾರೆ ಅಂತ ನನ್ನ ಅಂದಾಜು. ನೆಗಡಿ ಸಿರಪ್, ಟಾನಿಕ್ ಎಲ್ಲ ಮದ್ದಿನ ಲೆಕ್ಕಕ್ಕೆ ಬರುವುದಿಲ್ಲ ಅಲ್ವಾ ನಮಗೆ! ಆದರೆ ನೋಡಿ ಏನಾಗುತ್ತದೆ. ಮಿಥೈಲ್‌ಫೆನಿಡೇಟ್ ತಿನ್ನುವ ಮಗುವಿಗೆ ಹಸಿವು ಕಡಿಮೆಯಾಗುವುದು ತುಂಬಾ ಸಾಮಾನ್ಯ. ಬುತ್ತಿ ಹಾಗೇ ವಾಪಸು ಬರುತ್ತದೆ. ಅಮ್ಮನಿಗೆ ಸಂಕಟ. ಮದ್ದಂಗಡಿಯಲ್ಲಿ ಕೇಳಿದರೆ ಹಸಿವಿನ ಸಿರಪ್ ಕೊಡುತ್ತಾರೆ. ಅಂಥ ಸಿರಪ್ಪುಗಳಲ್ಲಿ ಹೆಚ್ಚಾಗಿ ಇರುವುದು ಸೈಪ್ರೋಹೆಪ್ಟಡಿನ್. ಅದು ಹಸಿವು ತರುತ್ತದೆ, ಜೊತೆಗೆ ತೂಕಡಿಕೆಯನ್ನೂ ತರುತ್ತದೆ. ಮಗು ಕ್ಲಾಸಿನಲ್ಲಿ ಮಂಕಾಗಿ ಕೂರುತ್ತದೆ. ಟೀಚರು ಪ್ರಶ್ನಾವಳಿಯಲ್ಲಿ ‘ಮೊದಲಿಗಿಂತ ಶಾಂತವಾಗಿದ್ದಾನೆ, ಆದರೆ ಗಮನ ಇಲ್ಲ’ ಅಂತ ಬರೆಯುತ್ತಾರೆ. ಅದನ್ನು ಓದಿದವರು ಎಡಿಎಚ್‌ಡಿ ಮದ್ದಿನ ಅಡ್ಡಪರಿಣಾಮ ಅಂದುಕೊಳ್ಳುತ್ತಾರೆ. ಡೋಸ್ ಇಳಿಸುತ್ತಾರೆ. ಮಗು ಮತ್ತೆ ಬೆಂಚು ಬಿಟ್ಟು ಓಡುತ್ತದೆ. ಒಂದು ಸಿರಪ್ಪಿನ ಹೆಸರು ಹೇಳದೆ ಇದ್ದುದಕ್ಕೆ ಇಷ್ಟೆಲ್ಲ. ನಿಮ್ಮ ಮನೆಯಲ್ಲಿ ಆ ಬಾಟಲಿ ಇದ್ದರೆ ನಾಳೆಯೇ ಫೋನ್ ಮಾಡಿ ತಿಳಿಸಿ, ತಿಂಗಳ ಕರೆಗೆ ಕಾಯಬೇಡಿ.

ಜ್ವರಕ್ಕೆ ಹತ್ತಿರದ ಕ್ಲಿನಿಕ್ಕಿನಲ್ಲಿ ಕೊಟ್ಟ ಮದ್ದೂ ಹಾಗೆಯೇ. ಫಿಟ್ಸಿಗೆ ಕಾರ್ಬಮಜಪಿನ್ ತಿನ್ನುವ ಮಗುವಿಗೆ ಎರಿಥ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಕೊಟ್ಟರೆ ರಕ್ತದಲ್ಲಿ ಕಾರ್ಬಮಜಪಿನ್ ಪ್ರಮಾಣ ಏರಿ ಮಗು ತೂರಾಡಬಹುದು. ಉಬ್ಬಸಕ್ಕೆ ಸಾಲ್ಬುಟಮಾಲ್ ಕೊಟ್ಟ ದಿನ ಎದೆಬಡಿತ ಜಾಸ್ತಿ ಇರುತ್ತದೆ. ಅದಕ್ಕೇ ಫಾರಂನಲ್ಲಿ ಶುರು ಮಾಡಿದ ದಿನ, ನಿಲ್ಲಿಸಿದ ದಿನ, ಯಾಕೆ ಕೊಟ್ಟದ್ದು ಅಂತ ಮೂರು ಖಾನೆ ಇರುತ್ತವೆ. ‘ಯಾಕೆ’ ಅನ್ನುವ ಖಾನೆಯನ್ನು ದಯವಿಟ್ಟು ಖಾಲಿ ಬಿಡಬೇಡಿ. ವಾಲ್ಪ್ರೋಯೇಟ್ ಒಬ್ಬ ಹುಡುಗನಿಗೆ ಫಿಟ್ಸಿಗೆ, ಇನ್ನೊಬ್ಬಳಿಗೆ ಮನಸ್ಸಿನ ಏರಿಳಿತಕ್ಕೆ. ಮದ್ದಿನ ಹೆಸರು ಮಾತ್ರ ನೋಡಿದರೆ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಸಾರಸ್ವತಾರಿಷ್ಟದ ಬಗ್ಗೆ ಅತ್ತೆಯವರ ಜೊತೆ ಜಗಳ ಬೇಡ. ಅದು ಹುದುಗಿಸಿ ಮಾಡುವ ಮದ್ದು, ತಾನಾಗಿ ಹುಟ್ಟುವ ಸ್ವಲ್ಪ ಆಲ್ಕೋಹಾಲ್ ಇರುತ್ತದೆ. ಚಿನ್ನ ಸೇರಿಸಿದ ಬಗೆಯೂ ಸಿಗುತ್ತದೆ. ಬಾಟಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ, ಎಷ್ಟು ಚಮಚ ಅಂತ ಹೇಳಿ. ಮುಂದುವರಿಸಬೇಕೋ ಬೇಡವೋ ಅಂತ ಡಾಕ್ಟರು ಹೇಳಲಿ. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದ್ದು, ನೂಲು ಕಟ್ಟಿಸಿದ್ದು, ತಂಙಳರ (ಮುಸ್ಲಿಂ ಧರ್ಮಗುರುಗಳ) ಹತ್ತಿರ ನೀರು ಓದಿಸಿ ತಂದದ್ದು ಇದ್ದರೆ ಅದನ್ನೂ ಹೇಳಬಹುದು. ಒಳ್ಳೆಯ ಪ್ರಶ್ನಾವಳಿಯಲ್ಲಿ ಅದಕ್ಕೂ ಜಾಗ ಇರುತ್ತದೆ. ಕೇಳುವವರು ನಕ್ಕರೆ ತಪ್ಪು ಅವರದ್ದು.

ಶಾಲೆಯ ವಿಷಯಕ್ಕೆ ಬರುತ್ತೇನೆ. ‘ಶಾಲೆಯಲ್ಲಿ ಯಾರು ನೋಡುತ್ತಾರೆ’ ಅನ್ನುವುದು ಸುಮ್ನೆ ಸೇರಿಸಿದ ಪ್ರಶ್ನೆ ಅಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1990ರ ದಶಕದ ಆರಂಭದಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನದಲ್ಲಿ, ಮಾನಸಿಕ ತೊಂದರೆಗೆ ಏನಾದರೂ ಸಹಾಯ ಪಡೆದ ಮಕ್ಕಳ ಪೈಕಿ ನೂರಕ್ಕೆ 70ರಿಂದ 80 ಮಂದಿಗೆ ಅದು ಸಿಕ್ಕಿದ್ದು ಶಾಲೆಯ ಮೂಲಕ. ಆಸ್ಪತ್ರೆಯ ಫೈಲುಗಳನ್ನು ಮಾತ್ರ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಆ ತಂಡ ಬಳಸಿದ ಪ್ರಶ್ನಾವಳಿಯಲ್ಲಿ ಆಸ್ಪತ್ರೆ, ಶಾಲೆ, ನೆಂಟರು, ಧಾರ್ಮಿಕ ವ್ಯಕ್ತಿಗಳು ಸೇರಿ ಮೂವತ್ತರಷ್ಟು ಜಾಗಗಳ ಬಗ್ಗೆ ಕೇಳುತ್ತಿದ್ದರು. ನಿಮಗೆ ಬರುವ ಕರೆಯ ಪ್ರಶ್ನೆಗಳೂ ಇಂಥ ಪ್ರಶ್ನಾವಳಿಗಳ ವಂಶದವೇ. ಹಾಗಾಗಿ ಬಿಆರ್‌ಸಿ ಟೀಚರು ಬಂದಿದ್ದರೆ, ಶಾಲಾ ಕೌನ್ಸೆಲರ್ ಮಾತಾಡಿಸಿದ್ದರೆ, ಎಷ್ಟು ಸಲ, ಎಷ್ಟು ಹೊತ್ತು ಅಂತ ಹೇಳಿ. ‘ಥೆರಪಿ ಮಾಡಿಸಿದ್ದೇವೆ’ ಅಂದರೆ ಸಾಲದು. ಮಾಡಿದ್ದು ಯಾರು, ಮಗುವಿನ ಜೊತೆಯೋ ನಿಮ್ಮ ಜೊತೆಯೋ? ಎರಡು ಗಂಟೆ ಕಾದು, ಡಾಕ್ಟರು ರಜೆ ಅಂತ ತಿಳಿದು ವಾಪಸು ಬಂದಿದ್ದರೆ ಅದನ್ನೂ ಹೇಳಿ. ಖರ್ಚಿನ ಲೆಕ್ಕಕ್ಕೆ ಅದು ಸೇರುತ್ತದೆ, ಚಿಕಿತ್ಸೆಯ ಲೆಕ್ಕಕ್ಕೆ ಇಲ್ಲ.

ತಾರೀಕು ನೆನಪಿಲ್ಲ ಅಂತ ಹಿಂಜರಿಯಬೇಡಿ. ಆಸ್ಪತ್ರೆಯಲ್ಲಿ ಮಲಗಿಸಿದ್ದು ಯಾರಿಗೂ ಮರೆಯುವುದಿಲ್ಲ, ಹತ್ತು ನಿಮಿಷದ ಕೌನ್ಸೆಲಿಂಗ್ ಎಲ್ಲರಿಗೂ ಮರೆಯುತ್ತದೆ. ದೊಡ್ಡ ಘಟನೆಯಾದರೆ ಆರು ತಿಂಗಳ ಹಿಂದಿನದೂ ಮೊನ್ನೆ ಆದ ಹಾಗೆ ಕಾಣುತ್ತದೆ. ನಮ್ಮ ಕಡೆ ಇದಕ್ಕೆ ಸುಲಭದ ದಾರಿ ಇದೆ. ಕುಂಬಳೆ ಜಾತ್ರೆಯ ಬೆಡಿಗೆ (ಸಿಡಿಮದ್ದಿಗೆ) ಮುಂಚೆಯೋ ಆಮೇಲೋ? ಪತ್ತನಾಜೆ, ಅಂದರೆ ಮೇ ಕೊನೆಗೆ ಜಾತ್ರೆ ಕೋಲಗಳು ನಿಲ್ಲುವ ದಿನ, ಕಳೆದಿತ್ತಾ? ಶಾಲೆ ಶುರುವಾಗಿತ್ತಾ, ಓಣಂ ಪರೀಕ್ಷೆ ನಡೆಯುತ್ತಿತ್ತಾ? ಹೀಗೆ ಹಿಡಿದು ಹೋದರೆ ವಾರದ ಮಟ್ಟಿಗೆ ಸಿಗುತ್ತದೆ, ಅಷ್ಟು ಸಾಕು.

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇದೆಲ್ಲ ಇಲ್ವಾ ಅಂತ ಕೇಳಬಹುದು. ಡೆನ್ಮಾರ್ಕಿನಲ್ಲಿ 1995ರಿಂದ ಔಷಧದಂಗಡಿಯಲ್ಲಿ ಚೀಟಿ ತೋರಿಸಿ ತೆಗೆದುಕೊಂಡ ಮದ್ದೆಲ್ಲ ಒಂದೇ ದಾಖಲೆಯಲ್ಲಿ ಸೇರುತ್ತದೆ. ಅಲ್ಲೂ ಗೊತ್ತಾಗುವುದು ಮದ್ದು ಕೊಂಡದ್ದು ಮಾತ್ರ, ನುಂಗಿದ್ದಲ್ಲ. ನಮ್ಮಲ್ಲಿ ಓಪಿ ಚೀಟಿ ಕೇರಳದ್ದು, ಫೈಲು ಕರ್ನಾಟಕದ್ದು. ಒಂದನ್ನೊಂದು ನೋಡುವುದಿಲ್ಲ. ನಿಮ್ಮನ್ನು ಕೇಳದೆ ಬೇರೆ ದಾರಿಯಿಲ್ಲ. ಇನ್ನೂ ಒಂದು ಮಾತು: 2020ರ ಮಾರ್ಚ್ ಕೊನೆಗೆ ಕೊರೊನಾ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನಮ್ಮವರಿಗೆ ಮಂಗಳೂರಿಗೆ ಹೋಗಲಿಕ್ಕೇ ಆಗಲಿಲ್ಲ. ಆ ತಿಂಗಳ ದಾಖಲೆ ಮಾತ್ರ ನೋಡಿದರೆ ಮಕ್ಕಳಿಗೆಲ್ಲ ಗುಣವಾಗಿ ಆಸ್ಪತ್ರೆಯೇ ಬೇಡವಾಯಿತು ಅನ್ನಿಸೀತು. ‘ಯಾಕೆ ಹೋಗಲಿಲ್ಲ’ ಅಂತ ಕೇಳಿದರೆ ಅದು ಬೈಗುಳ ಅಲ್ಲ. ಬಸ್ ಇರಲಿಲ್ಲ, ಕೈಯಲ್ಲಿ ದುಡ್ಡು ಇರಲಿಲ್ಲ, ಅಡಿಕೆ ಕೊಯ್ಲು ಇತ್ತು, ಏನಿದ್ದರೂ ಇದ್ದ ಹಾಗೆ ಹೇಳಿ.

ನಿಮಗೆ ಇಬ್ಬರು ಬೇರೆ ಬೇರೆ ಜನ ಫೋನ್ ಮಾಡಬಹುದು. ಒಬ್ಬರು ಮದ್ದು, ಚಿಕಿತ್ಸೆ ಕೇಳುತ್ತಾರೆ. ಇನ್ನೊಬ್ಬರು ಮಗನ ಗಮನ, ಹಠ, ನಿದ್ದೆ ಹೇಗಿದೆ ಅಂತ ಮಾತ್ರ ಕೇಳುತ್ತಾರೆ. ಎರಡನೆಯವರಿಗೆ ನೀವು ಯಾವ ಗುಂಪು ಅಂತ ಹೇಳಬಾರದು. ಗೊತ್ತಾದರೆ ಅವರಿಗೇ ಅರಿವಿಲ್ಲದೆ ಅಂಕ ಆ ಕಡೆಗೋ ಈ ಕಡೆಗೋ ವಾಲುತ್ತದೆ.

ಗುಟ್ಟಿನ ಬಗ್ಗೆ ನಿಮ್ಮ ಆತಂಕ ಸರಿಯಾದದ್ದೇ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ ಕಡೆ ಎಂಡೋಸಲ್ಫಾನ್ ಕೀಟನಾಶಕದ ದುರಂತದ ಕಾಲದಿಂದ ಎಷ್ಟೋ ಸರ್ವೆಯವರು ಮನೆ ಹತ್ತಿ ಇಳಿದಿದ್ದಾರೆ. ಬರೆದುಕೊಂಡು ಹೋದವರು ಮತ್ತೆ ಮುಖ ತೋರಿಸಲಿಲ್ಲ ಅನ್ನುವ ಬೇಸರ ಜನರಲ್ಲಿ ಇದೆ. ಆದ್ದರಿಂದ ಕೇಳಿ ತಿಳಿದುಕೊಳ್ಳುವ ಹಕ್ಕು ಬಿಡಬೇಡಿ. ನೀವು ಸಹಿ ಹಾಕಿದ ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಹತ್ತಿರ ಇರಬೇಕು, ನಿಮಗೆ ಓದಲು ಬರುವ ಭಾಷೆಯಲ್ಲಿ. ಕನ್ನಡದ್ದೇ ಬೇಕು ಅನ್ನಿ. ಶಾಲೆಯನ್ನು ಸಂಪರ್ಕಿಸುತ್ತೇವೆ ಅಂತ ಅದರಲ್ಲಿ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ, ನೀವು ಒಪ್ಪಿಲ್ಲದಿದ್ದರೆ, ಶಾಲೆಯವರಿಗೆ ಹೇಳುವ ಹಾಗಿಲ್ಲ. ಟೀಚರಿಗೆ ಪ್ರಶ್ನಾವಳಿ ಕಳಿಸಲು ಒಪ್ಪಿದ್ದರೂ ನಿಮ್ಮ ಮನೆಯ ಉತ್ತರಗಳು ಅವರಿಗೆ ಹೋಗಬಾರದು. ಲೆಕ್ಕದ ಹಾಳೆಯಲ್ಲಿ ಹೆಸರಿನ ಬದಲು ನಂಬರ್ ಇರಬೇಕು. ಇದಕ್ಕೆ ಒಂದೆರಡು ವಿನಾಯಿತಿ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ: ಮಗುವಿನ ಜೀವಕ್ಕೆ ಅಪಾಯ ಅಂತ ಕಂಡರೆ ತಂಡದವರು ಸುಮ್ಮನಿರುವಂತಿಲ್ಲ. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು.

ಮಗನನ್ನೂ ಕೇಳಿದ್ದಾರಾ? ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ನಿಯಮದಂತೆ ಏಳರಿಂದ ಹನ್ನೆರಡು ವರ್ಷದ ಮಗುವಿಗೆ ಅರ್ಥವಾಗುವ ಹಾಗೆ ಹೇಳಿ ಬಾಯಿಮಾತಿನ ಒಪ್ಪಿಗೆ ಪಡೆಯಬೇಕು. ಅವನಿಗೆ ಬೇಡ ಅನ್ನಿಸಿದರೆ, ಅಥವಾ ನಿಮಗೇ ಸಾಕಾದರೆ, ಯಾವಾಗ ಬೇಕಾದರೂ ಬಿಡಬಹುದು. ಹಾಗೆ ಬಿಟ್ಟರೂ ಆಸ್ಪತ್ರೆಯ ಚಿಕಿತ್ಸೆ ನಿಲ್ಲಬಾರದು. ಅಧ್ಯಯನ ನ್ಯಾಯವಾಗಿ ನಡೆಯುತ್ತಿದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಒಪ್ಪಿಗೆ ಪತ್ರದಲ್ಲಿ ಇರುತ್ತದೆ, ದೂರಿದ್ದರೆ ಅಲ್ಲಿಗೆ. ಸಿಟಿಆರ್‌ಐ ನಂಬರ್ ಕೂಡ ಕೇಳಿ. ದೇಶದಲ್ಲಿ ನಡೆಯುವ ಇಂಥ ಅಧ್ಯಯನಗಳನ್ನು ನೋಂದಾಯಿಸುವ ಆ ಪಟ್ಟಿ 2007ರಿಂದ ಇದೆ, ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಅಧ್ಯಯನ ಮುಗಿದ ಮೇಲೆ ಏನು ತಿಳಿಯಿತು ಅಂತ ನಮಗೆ ಕನ್ನಡದಲ್ಲಿ ಹೇಳುತ್ತೀರಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಉಳಿದದ್ದು ಬಸ್ ಖರ್ಚು. ಇಂಗ್ಲೆಂಡಿನ ಜೆನ್ನಿಫರ್ ಬೀಚಮ್, ಮಾರ್ಟಿನ್ ನ್ಯಾಪ್ ಅನ್ನುವ ಅರ್ಥಶಾಸ್ತ್ರದವರು 1980ರ ದಶಕದಲ್ಲಿ ಮಾನಸಿಕ ಚಿಕಿತ್ಸೆಯ ಖರ್ಚು ಲೆಕ್ಕ ಹಾಕಲು ಒಂದು ಪ್ರಶ್ನಾವಳಿ ಮಾಡಿದರು, ಅದರ ರೂಪಗಳು ಇವತ್ತಿಗೂ ಬಳಕೆಯಲ್ಲಿವೆ. ತರಬೇತಿಯಿಂದ ಮಕ್ಕಳಿಗೆ ಲಾಭವಾಗಿದೆ ಅಂತ ನಾಳೆ ಗೊತ್ತಾದರೂ, ವಾರ ವಾರ ಗಡಿ ದಾಟಿ ಮಂಗಳೂರಿಗೆ ಹೋಗಲು ಒಂದು ಮನೆಗೆ ಎಷ್ಟು ಬೀಳುತ್ತದೆ ಅಂತ ತಿಳಿಯದೆ ಅದನ್ನು ಬದಿಯಡ್ಕದಲ್ಲೇ ನಡೆಸಿ ಅಂತ ಯಾರನ್ನು ಕೇಳುವುದು? ಟಿಕೆಟ್ ಇಟ್ಟುಕೊಂಡಿಲ್ಲ ಅಂತ ಚಿಂತೆ ಬೇಡ. ಮನೆಯಿಂದ ಕುಂಬಳೆ, ಅಲ್ಲಿಂದ ಮಂಗಳೂರು, ಹೋಗಿ ಬರಲು ಇಬ್ಬರಿಗೆ ಎಷ್ಟು ಅಂತ ಅಂದಾಜು ಹೇಳಿ. ಕೆಲಸ ಬಿಟ್ಟು ಹೋದ ದಿನದ ಕೂಲಿ, ಹೊರಗೆ ಮಾಡಿದ ಮಧ್ಯಾಹ್ನದ ಊಟ, ಅದನ್ನೂ ಸೇರಿಸಿ.